ಕಾಜಾ ಅತ್ತೆ ಬೀಳಲಿಲ್ಲ

ನಮ್ಮ ಮನೆತನದಲ್ಲಿ ಕಾಯಿಲೆ ಬಂದು ಹೋದವರು ಯಾರೂ ಇಲ್ಲ. ಎಲ್ಲರೂ ಜಾರಿ ಬಿದ್ದವರೇ. ತಾತ ಐವತ್ತನಾಲ್ಕನೆಯ ವಯಸ್ಸಿನಲ್ಲಿ ಬಚ್ಚಲಲ್ಲಿ ಜಾರಿ ಬಿದ್ದ. ನಲ್ಲಿಗೆ ಕೆನ್ನೆ ಬಡಿದು ಬಾಯಿ ಒಂದು ಕಡೆಗೆ ಸೊಟ್ಟಗಾಯಿತು, ಮೂರನೆಯ ದಿನ ತೀರಿಕೊಂಡ. ದೊಡ್ಡಪ್ಪ ಸೈಕಲ್ಲಿನಿಂದ ಬಿದ್ದ. ಬಲಗೈ ಮತ್ತೆ ಮೇಲೇಳಲಿಲ್ಲ, ಮೂಳೆ ಸರಿಯಾಗಿ ಕೂಡಿಕೊಳ್ಳಲಿಲ್ಲ ಎಂದರು, ವರ್ಷವೊಂದು ಹಾಸಿಗೆ ಹಿಡಿದು ಅವನೂ ಹೋದ. ಅಪ್ಪ ಹಿತ್ತಲಿನ ಮೆಟ್ಟಿಲ ಮೇಲೆ ಬಿದ್ದ. ಅವನು ಉಳಿದುಕೊಂಡ, ಆದರೆ ಮಾತು ಹೋಯಿತು, ಬಲಗಡೆ ಪೂರ್ತಿ ಸತ್ತುಹೋಯಿತು. ಅಮ್ಮನೊಬ್ಬಳು ಮಾತ್ರ ಜ್ವರ ಬಂದು ತೀರಿಕೊಂಡಳು. ಅವಳು ಹೊರಗಿನಿಂದ ಬಂದವಳು, ಬೀಳುವ ಅಭ್ಯಾಸ ಅವಳ ತವರಿನವರಿಗೆ ಇರಲಿಲ್ಲ.

ಬೀದಿಯವರು ನಮಗೆ ಜಾರುಮನೆಯವರು ಎಂದು ಹೆಸರಿಟ್ಟಿದ್ದರು. ನಾವೂ ನಗುತ್ತಿದ್ದೆವು. ನಗದವಳು ಒಬ್ಬಳೇ, ನಮ್ಮ ಅತ್ತೆ. ಅತ್ತೆ ಎಂದರೆ ಗಂಡನ ತಾಯಿಯಲ್ಲ, ನನಗೆ ಆ ಭಾಗ್ಯ ಇನ್ನೂ ಬಂದಿಲ್ಲ. ಅಪ್ಪನ ತಂಗಿ. ಅಮ್ಮ ಹೋದ ಮೇಲೆ ನನ್ನನ್ನು ಸಾಕಿದವಳು, ಈಗ ಅಪ್ಪನನ್ನು ಸಾಕುತ್ತಿರುವವಳು. ಮೂಲೆಯ ದರ್ಜಿ ಅಂಗಡಿಯಲ್ಲಿ ಮೂವತ್ತೊಂದು ವರ್ಷದಿಂದ ಕೋಟು, ಅಂಗಿಗಳಿಗೆ ಗುಂಡಿಯ ತೂತು ಹೊಲಿಯುತ್ತಾಳೆ. ಅದಕ್ಕೆ ಕಾಜಾ ಎನ್ನುತ್ತಾರೆ, ಹಾಗಾಗಿ ಬೀದಿಗೆಲ್ಲ ಅವಳು ಕಾಜಾ ಅತ್ತೆ.

ನೆಲದ ಮೇಲೆ ಅತ್ತೆ ಹೂಡಿದ್ದ ಯುದ್ಧವನ್ನು ನೀವು ನೋಡಬೇಕಿತ್ತು. ನಮ್ಮ ಮನೆಯಲ್ಲಿ ಬಾಗಿಲಿಗೊಂದು ಗೋಣಿತಟ್ಟು. ಬಚ್ಚಲ ಗೋಡೆಗೆ ಉದ್ದಕ್ಕೂ ಕಬ್ಬಿಣದ ಕಂಬಿ, ಕಂಬಿಗೆ ಸುತ್ತಿದ ಬಟ್ಟೆ. ಸೋಪು ನೆಲಕ್ಕೆ ಬೀಳಬಾರದೆಂದು ಅದಕ್ಕೂ ದಾರ ಪೋಣಿಸಿ ಕುಣಿಕೆ ಹಾಕಿ ತೂಗುಹಾಕಿದ್ದಳು. ಹಿತ್ತಲಿನ ಐದು ಮೆಟ್ಟಿಲಿಗೆ ಅಂಗಡಿಯ ಕೋಟಿನ ಚೂರುಗಳನ್ನು ದಪ್ಪಗೆ ಹೊಲಿದು ಅಂಟಿಸಿದ್ದಳು. ಪರರ ಮನೆಗೆ ಹೋದರೂ ಮೊದಲು ನೋಡುವುದು ನೆಲ, ಆಮೇಲೆ ಮನುಷ್ಯರ ಮುಖ. ನುಣುಪು ಟೈಲ್ಸ್ ಹಾಕಿಸಿದವರ ಮನೆಗೆ ಎರಡನೆಯ ಸಲ ಕಾಲಿಡುತ್ತಿರಲಿಲ್ಲ. ಅಂಗಡಿಯಲ್ಲಿ ಎಲ್ಲರಿಗೂ ಎತ್ತರದ ಸ್ಟೂಲು, ಇವಳಿಗೆ ಮಾತ್ರ ಎರಡೂ ಕಡೆ ಕೈಯಿರುವ ಕುರ್ಚಿ. ಅದನ್ನು ಅವಳು ಜಗಳವಾಡಿ ತರಿಸಿಕೊಂಡದ್ದು.

"ಅಮ್ಮಾವ್ರು ಕೂತಿರೋದು ನೋಡಿದ್ರೆ ನಾವೆಲ್ಲ ಎದ್ದು ನಿಂತು ಕೈ ಮುಗೀಬೇಕು" ಎಂದು ಕಟಿಂಗ್ ಮಾಸ್ತರ ರೇಗಿಸುತ್ತಿದ್ದ. ಬಟ್ಟೆ ಕತ್ತರಿಸುವವನು ಅವನು, ಅಂಗಡಿಯ ಒಡೆಯನೂ ಅವನೇ.

"ನೀನು ಬೀಳು, ಆಮೇಲೆ ಗೊತ್ತಾಗುತ್ತೆ" ಎನ್ನುತ್ತಿದ್ದಳು ಅತ್ತೆ, ಸೂಜಿಯಿಂದ ಕಣ್ಣೆತ್ತದೆ.

ಈ ಹುಚ್ಚಿಗೆ ಕಾರಣ ನನಗೆ ಗೊತ್ತಿತ್ತು. ಬಾಯಿಬಿಟ್ಟು ಯಾರೂ ಹೇಳುತ್ತಿರಲಿಲ್ಲ ಅಷ್ಟೆ. ಏಳು ವರ್ಷದ ಹಿಂದೆ ಅಪ್ಪ ಬಿದ್ದ ದಿನ ಬೆಳಿಗ್ಗೆ ಆ ಮೆಟ್ಟಿಲುಗಳನ್ನು ತೊಳೆದದ್ದು ಅತ್ತೆ. ಸೋಪಿನ ನೀರು ಹಾಕಿ ಉಜ್ಜಿ, ಆರುವ ಮೊದಲೇ ಒಳಗೆ ಹೋಗಿದ್ದಳು. ಅಪ್ಪ ಡಿಪೋದಲ್ಲಿ ಬಸ್ಸು ರಿಪೇರಿ ಮಾಡುವವನು, ಅಂದು ರಜೆ. ಕೈಯಲ್ಲಿ ನೀರಿನ ಲೋಟ ಹಿಡಿದು ಹಿತ್ತಲಿಗೆ ಇಳಿಯಲು ಹೊರಟವನು ಮೆಟ್ಟಿಲ ಬುಡದಲ್ಲಿ ಬಿದ್ದಿದ್ದ. ತಲೆಯಿಂದ ರಕ್ತ, ಬಾಯಿಂದ ಅರ್ಥವಾಗದ ಸದ್ದು. ಆಸ್ಪತ್ರೆಯಲ್ಲಿ ಕೇಳಿದಾಗ ಅತ್ತೆ ಒಂದೇ ಮಾತು ಹೇಳಿದಳು: "ಒದ್ದೆ ಮೆಟ್ಟಿಲ ಮೇಲೆ ಜಾರಿ ಬಿದ್ದ, ತಲೆಗೆ ಪೆಟ್ಟಾಯ್ತು." ಅವರು ಅದನ್ನೇ ಬರೆದುಕೊಂಡರು, ಗಾಯಕ್ಕೆ ಹೊಲಿಗೆ ಹಾಕಿದರು, ಕೆಲವು ಮಾತ್ರೆ ಬರೆದುಕೊಟ್ಟು ನಿಲ್ಲಿಸಬಾರದು ಎಂದರು. ಅಂದಿನಿಂದ ಅತ್ತೆ ದಿನಾ ಬೆಳಿಗ್ಗೆ ಅಪ್ಪನ ನಾಲಿಗೆಯ ಮೇಲೆ ಆ ಮಾತ್ರೆ ಇಡುತ್ತಾಳೆ. ಮನೆಯಲ್ಲಿ ಅದಕ್ಕೆ ಗಾಯದ ಮಾತ್ರೆ ಎಂದೇ ಹೆಸರು. ಗಾಯ ಒಣಗಿ ಏಳು ವರ್ಷವಾದರೂ ಅದೇನು ಗಾಯದ ಮಾತ್ರೆ ಎಂದು ನಾವಿಬ್ಬರೂ ಒಂದು ದಿನವೂ ಕೇಳಿಕೊಳ್ಳಲಿಲ್ಲ. ನಮ್ಮ ಬುದ್ಧಿಗೆ ಅಷ್ಟು ಮಂಕು ಕವಿದಿತ್ತು.

ಮೊನ್ನೆ ಸೋಮವಾರ ಮಧ್ಯಾಹ್ನ ಕಟಿಂಗ್ ಮಾಸ್ತರ ನಾನು ಕೆಲಸ ಮಾಡುವ ಜೆರಾಕ್ಸ್ ಅಂಗಡಿಗೆ ಓಡಿಬಂದ. ಅದು ಅವನ ಅಂಗಡಿಯಿಂದ ನಾಲ್ಕು ಬಾಗಿಲು ಆಚೆ. ಕುತ್ತಿಗೆಯಲ್ಲಿ ಅಳತೆ ಟೇಪು ಹಾಗೇ ಇತ್ತು. ಓಡುವ ಮನುಷ್ಯನಲ್ಲ ಅವನು, ಹೊಟ್ಟೆಯೇ ಬಿಡುವುದಿಲ್ಲ.

"ನಿಮ್ಮತ್ತೆಗೆ ಏನೋ ಆಯ್ತು. ಬೇಗ ಬಾ."

"ಬಿದ್ಲಾ?"

"ಬಿದ್ದಿಲ್ಲ. ಬಾ ಅಂದ್ರೆ ಬಾ."

ಬಿದ್ದಿಲ್ಲ ಎಂದ ಕೂಡಲೇ ನನ್ನ ಎದೆಬಡಿತ ಇಳಿಯಿತು. ಇದನ್ನು ಬರೆಯುವಾಗ ನನಗೆ ನಾಚಿಕೆಯಾಗುತ್ತದೆ. ಮಷಿನ್ನಿನೊಳಗಿದ್ದ ಕಾಗದವೆಲ್ಲ ಮುಗಿಯುವ ತನಕ ನಿಂತು, ಗಿರಾಕಿಗೆ ಕೊಟ್ಟು, ಆಮೇಲೆ ಹೋದೆ.

ನಾನು ಹೋಗುವಷ್ಟರಲ್ಲಿ ಅತ್ತೆ ತನ್ನ ಕುರ್ಚಿಯಲ್ಲಿ ಕೂತು ಕಾಜಾ ಹಾಕುತ್ತಿದ್ದಳು. ಮುಖ ಸ್ವಲ್ಪ ಬಿಳಿಚಿಕೊಂಡಿತ್ತು, ಅಷ್ಟೇ. ನನ್ನನ್ನು ನೋಡಿದ್ದೇ ಸಿಡಿದಳು.

"ಇವನಿಗೆ ಬೇರೆ ಕೆಲಸ ಇಲ್ಲ. ಕೈ ಸ್ವಲ್ಪ ಜೋಮು ಹಿಡೀತು, ಊರೆಲ್ಲ ಡಂಗುರ ಸಾರಿದ."

"ಜೋಮಾ?" ಎಂದ ಮಾಸ್ತರ. "ಸೂಜಿ ಬಿತ್ತು. ಎತ್ತಿಕೊಳ್ಳೋಕೆ ಹೋದವಳು ಸೂಜಿ ಇರೋ ಕಡೆ ಬಿಟ್ಟು ಬೇರೆ ಕಡೆ ತಡಕಾಡ್ತಾಳೆ. ಏನಮ್ಮಾ ಅಂದ್ರೆ ಬಾಯಲ್ಲಿ ಹತ್ತಿ ತುಂಬಿಕೊಂಡವಳ ಹಾಗೆ ಮಾತು. ಹತ್ತು ನಿಮಿಷ. ಆಮೇಲೆ ಸರಿಯಾದಳು."

"ಬಿದ್ನಾ? ಹೇಳು, ನಾನು ಬಿದ್ನಾ?" ಅತ್ತೆ ಕುರ್ಚಿಯ ಎರಡೂ ಕೈಗಳನ್ನು ತಟ್ಟಿ ತೋರಿಸಿದಳು. "ಇದಕ್ಕೇ ಈ ಕುರ್ಚಿ ತರಿಸಿದ್ದು. ಸ್ಟೂಲಿನ ಮೇಲಿದ್ರೆ ಇಷ್ಟೊತ್ತಿಗೆ ತಲೆ ಒಡೆದು, ನಮ್ಮಣ್ಣನ ಹಾಗೆ ಆಗ್ತಿದ್ದೆ."

ನನಗೂ ಅದು ಸರಿ ಎನ್ನಿಸಿತು. ಬೀಳಲಿಲ್ಲ, ಬಚಾವಾದಳು. ಮನೆಗೆ ಹೋಗಿ ಮಲಗು ಎಂದು ಹೇಳಿ ಹೊರಡುವವಳಿದ್ದೆ. ಅಷ್ಟರಲ್ಲಿ ಮಾಸ್ತರ ಅವಳ ತೊಡೆಯ ಮೇಲಿದ್ದ ಕೋಟನ್ನು ಎಳೆದುಕೊಂಡು ಬೆಳಕಿಗೆ ಹಿಡಿದ.

ಕೈಕಾಜಾ ಹೇಗಿರುತ್ತದೆ ಎಂದು ನಿಮಗೆ ಹೇಳಬೇಕು. ಬಟ್ಟೆಯನ್ನು ಸೀಳಿ, ಅಂಚಿಗೆ ದಪ್ಪ ದಾರ ಇಟ್ಟು, ಅದರ ಮೇಲೆ ಗಂಟುಗಂಟಾಗಿ ಹೊಲಿಗೆ ಸೇರಿಸುತ್ತ ಹೋಗಬೇಕು. ಎರಡು ಹೊಲಿಗೆಯ ನಡುವೆ ಬೆಳಕು ಕಾಣಬಾರದು. ಅತ್ತೆಯದನ್ನು ಮಷಿನ್ನಿನದೆಂದು ತಿಳಿದು ಗಿರಾಕಿಗಳು ಜಗಳಕ್ಕೆ ಬಂದದ್ದುಂಟು. ಆ ಕೋಟಿನ ಮೂರನೆಯ ಕಾಜಾದಲ್ಲಿ ಅರ್ಧದವರೆಗೆ ಹೊಲಿಗೆ ಹಾಗೇ ಇತ್ತು. ಆಮೇಲೆ ಹೊಲಿಗೆಗಳು ಒಂದೊಂದಾಗಿ ಅಂಚು ಬಿಟ್ಟು ದೂರ ಸರಿದು, ಬಟ್ಟೆಯ ನಡುಭಾಗಕ್ಕೆ ನಡೆದುಹೋಗಿದ್ದವು. ಒಂದು ಕಡೆ ಸೂಜಿ ಅವಳ ಸೀರೆಯನ್ನೇ ಸೇರಿಸಿ ಹೊಲಿದಿತ್ತು, ಅದನ್ನು ಅವಳು ಕಿತ್ತುಹಾಕಿದ ಗುರುತಿತ್ತು. ಆಮೇಲೆ ಮತ್ತೆ ಸರಿಯಾದ ಹೊಲಿಗೆ.

"ಮೂವತ್ತೊಂದು ವರ್ಷದಲ್ಲಿ ಇವಳ ಕೈಲಿ ಇಂಥದ್ದು ನಾನು ನೋಡಿಲ್ಲ" ಎಂದ ಮಾಸ್ತರ. "ಬಿದ್ರೆ ಮಾತ್ರ ಕಾಯಿಲೆ, ಬೀಳದಿದ್ರೆ ಇಲ್ಲ ಅಂತ ನಿಮಗೆ ಯಾವ ಡಾಕ್ಟರು ಹೇಳಿದ್ದು?"

ಅತ್ತೆ ಕೋಟನ್ನು ನೋಡಿದಳು, ಸೂಜಿ ಕೆಳಗಿಟ್ಟು ಎದ್ದಳು. ಹೊಲಿಗೆ ಅವಳಿಗೆ ಸುಳ್ಳು ಹೇಳುವುದಿಲ್ಲ.

ಬೀದಿಯ ಕೊನೆಯ ಕ್ಲಿನಿಕ್ಕಿಗೆ ಮೂವರೂ ನಡೆದೇ ಹೋದೆವು. ಅಲ್ಲಿನ ನೆಲ ನುಣುಪು, ಅತ್ತೆ ಅಲ್ಲೂ ಗೋಡೆ ಹಿಡಿದೇ ನಡೆದಳು. ಡಾಕ್ಟರು ಚಿಕ್ಕ ವಯಸ್ಸಿನ ಹೆಣ್ಣುಮಗಳು, ಮಾತು ಕಡಿಮೆ. ತೋಳಿಗೆ ಪಟ್ಟಿ ಸುತ್ತಿ ಗಾಳಿ ಹಾಕಿ ನೋಡಿದಳು. ಇನ್ನೊಂದು ತೋಳಿಗೆ ಸುತ್ತಿ ನೋಡಿದಳು. ಎರಡರಲ್ಲೂ ಮೇಲಿನದು ನೂರ ತೊಂಬತ್ತೆಂಟು, ಕೆಳಗಿನದು ನೂರ ಹನ್ನೆರಡು.

"ಮನೆಯಲ್ಲಿ ಯಾರಿಗಾದ್ರೂ ಸ್ಟ್ರೋಕ್ ಆಗಿದೆಯಾ? ಲಕ್ವ, ಪಾರ್ಶ್ವವಾಯು ಅಂತಾರಲ್ಲ, ಅದು?"

"ಇಲ್ಲ" ಎಂದಳು ಅತ್ತೆ.

"ಇಲ್ಲ" ಎಂದೆ ನಾನೂ. ದೇವರಾಣೆಗೂ ಸುಳ್ಳು ಹೇಳುತ್ತಿದ್ದೇನೆ ಎಂದು ನನಗನ್ನಿಸಲಿಲ್ಲ.

"ಅಪ್ಪ, ಅಣ್ಣ ಎಲ್ಲ ಹೇಗೆ ಹೋದ್ರು?"

"ಬಿದ್ದು" ಎಂದು ಅತ್ತೆ ಒಬ್ಬೊಬ್ಬರದ್ದೂ ಹೇಳಿದಳು. ತಾತನ ಸೊಟ್ಟ ಬಾಯಿ, ದೊಡ್ಡಪ್ಪನ ಏಳದ ಕೈ, ಅಪ್ಪನ ಹೋದ ಮಾತು. ಡಾಕ್ಟರು ಬರೆಯುವುದನ್ನು ನಿಲ್ಲಿಸಿದಳು.

"ನಿಮ್ಮಣ್ಣನಿಗೆ ಈಗ ಏನು ಮಾತ್ರೆ ಕೊಡ್ತೀರಿ?"

"ಗಾಯದ ಮಾತ್ರೆ." ಅವಳ ಕೈಚೀಲದಲ್ಲಿ ಮಾತ್ರೆ ತೀರಿಹೋದ ಹಾಳೆಯೊಂದಿತ್ತು, ಹೊಸದು ತರಲು ಇಟ್ಟುಕೊಂಡದ್ದು. ಡಾಕ್ಟರು ಅದನ್ನು ತಿರುಗಿಸಿ ಓದಿದಳು.

"ಇದು ಗಾಯಕ್ಕಲ್ಲಮ್ಮ. ರಕ್ತದೊತ್ತಡಕ್ಕೆ."

ಡಾಕ್ಟರು ಕುರ್ಚಿಯನ್ನು ಹತ್ತಿರ ಎಳೆದುಕೊಂಡಳು.

"ನೋಡಿ, ಬಿದ್ದಿದ್ದಕ್ಕೆ ಬಾಯಿ ಸೊಟ್ಟ ಆಗೋದಲ್ಲ. ಮೊದಲು ಕೈಕಾಲು ಹೋಗುತ್ತೆ, ಆಮೇಲೆ ಮನುಷ್ಯ ಬೀಳ್ತಾನೆ. ನಿಮ್ಮಪ್ಪನಿಗೆ, ಅಣ್ಣಂದಿರಿಗೆ ಅರವತ್ತರ ಒಳಗೇ ಬಂದಿದೆ ಅನ್ಸುತ್ತೆ. ಹತ್ತಿರದ ರಕ್ತಸಂಬಂಧದವರಿಗೆ ಹೀಗೆ ಬಂದಿದ್ರೆ ನಿಮಗೆ ಬರೋ ಸಾಧ್ಯತೆ ಬೇರೆಯವರಿಗಿಂತ ಜಾಸ್ತಿ. ರಕ್ತದೊತ್ತಡ ಮನೆತನದಲ್ಲಿ ಬರುತ್ತೆ, ಉಪ್ಪು ಜಾಸ್ತಿ ಹಾಕೋ ಕೈಯೂ ಮನೆತನದಲ್ಲೇ ಬರುತ್ತೆ. ಬಂದೇ ಬರುತ್ತೆ ಅಂತಲ್ಲ. ಗೊತ್ತಿದ್ರೆ ಎಷ್ಟೋ ತಡೀಬಹುದು. ನಿಮಗೆ ಇವತ್ತು ಹತ್ತು ನಿಮಿಷ ಬಂದು ಹೋಗಿದ್ದು ಎಚ್ಚರಿಕೆ. ದೊಡ್ಡದು ಬರೋದಾದ್ರೆ ಹೆಚ್ಚಾಗಿ ಇವತ್ತು ನಾಳೆಯೊಳಗೇ ಬರುತ್ತೆ. ಈಗಲೇ ದೊಡ್ಡಾಸ್ಪತ್ರೆಗೆ ಹೋಗಿ."

"ಆಯ್ತು" ಎಂದು ಎದ್ದಳು ಅತ್ತೆ. ಹೊರಗೆ ಬಂದವಳು ದೊಡ್ಡಾಸ್ಪತ್ರೆಯ ದಿಕ್ಕಿಗೆ ಬೆನ್ನು ಹಾಕಿ ಮನೆಯ ಕಡೆ ಹೊರಟಳು.

ನಾನು ಬೇಡಿಕೊಂಡೆ, ಗದರಿದೆ, ರಸ್ತೆಯಲ್ಲೇ ಕೈ ಹಿಡಿದು ಎಳೆದಾಡಿದೆ. ಮಾಸ್ತರ ಆಟೋ ನಿಲ್ಲಿಸಿದ, ಅತ್ತೆ ಹತ್ತಲಿಲ್ಲ. "ಆ ಹುಡುಗಿ ನಮ್ಮಣ್ಣನ್ನ ನೋಡಿದ್ದಾಳಾ? ನಾನು ನೋಡಿದ್ದೀನಿ. ನಾನೇ ತೊಳೆದಿದ್ದು, ಅವನು ಬಿದ್ದಿದ್ದು ನನ್ನ ನೀರಿಗೆ. ಅವನಿಗೆ ಊಟಕ್ಕೆ ಹೊತ್ತಾಯ್ತು" ಎಂದು ಒಂದೇ ಸಮನೆ ನಡೆದಳು. ಅವಳ ಬಲಗಾಲು ಸ್ವಲ್ಪ ಎಳೆಯುತ್ತಿದೆಯೋ, ನನ್ನ ಕಣ್ಣೇ ಹಾಗೆ ಕಾಣುತ್ತಿದೆಯೋ ತಿಳಿಯದೆ ನಾನು ಜೀವ ಕೈಯಲ್ಲಿ ಹಿಡಿದುಕೊಂಡು ಹಿಂದೆ ಹೆಜ್ಜೆ ಹಾಕಿದೆ. ಪ್ರತಿ ಹೆಜ್ಜೆಗೂ ಈಗ, ಈಗ ಎನ್ನಿಸುತ್ತಿತ್ತು. ಏಳು ವರ್ಷ ಹೊತ್ತ ತಪ್ಪನ್ನು ಇಳಿಸುವುದು ಇಷ್ಟು ಕಷ್ಟವೆಂದು ನನಗೆ ಗೊತ್ತಿರಲಿಲ್ಲ. ಅವಳ ಮೇಲೆ ನನಗೆ ಎಂಥ ಸಿಟ್ಟು ಬಂತೆಂದರೆ, ಅಳು ಬಂತು.

ಅಪ್ಪ ಹಿತ್ತಲ ಬಾಗಿಲ ಬಳಿ ತನ್ನ ಮಂಚದ ಮೇಲೆ ಒರಗಿ ಕೂತಿದ್ದ. ಅವನಿಗೆ ಮಾತಿಲ್ಲ, ಕಿವಿ ಚೆನ್ನಾಗಿದೆ, ಬುದ್ಧಿಯೂ ನೆಟ್ಟಗಿದೆ. ಬೇಕು ಎಂದರೆ ತಲೆ ಆಡಿಸುತ್ತಾನೆ, ಬೇಡ ಎಂದರೆ ಎಡಗೈ ಬೀಸುತ್ತಾನೆ. ಊಟ ಬೇಕಾ, ನೀರು ಬೇಕಾ, ದಿಂಬು ಸರಿ ಮಾಡಲಾ, ಇಷ್ಟೇ ನಾವು ಅವನನ್ನು ಏಳು ವರ್ಷ ಕೇಳಿದ್ದು. ನಾನು ಅವನ ಮುಂದೆ ಮಂಡಿಯೂರಿ ಕೂತೆ.

"ಅಪ್ಪ, ಒಂದು ಕೇಳ್ತೀನಿ. ಅವತ್ತು ನೀನು ಜಾರಿ ಬಿದ್ಯಾ?"

ಅಪ್ಪನ ಎಡಗೈ ಮೇಲೆದ್ದಿತು. ಬೀಸಿದ. ಇಲ್ಲ.

ಅಡುಗೆಮನೆಯಿಂದ ತಟ್ಟೆ ಹಿಡಿದು ಬರುತ್ತಿದ್ದ ಅತ್ತೆ ಬಾಗಿಲಲ್ಲೇ ನಿಂತಳು.

"ಬೀಳೋಕೆ ಮೊದಲೇ ಕೈ ಹೋಗಿತ್ತಾ?"

ಅಪ್ಪ ತಲೆ ಆಡಿಸಿದ. ಒಂದು ಸಲ ಅಲ್ಲ, ಮತ್ತೆ ಮತ್ತೆ. ಪಕ್ಕದಲ್ಲಿದ್ದ ನೀರಿನ ಲೋಟವನ್ನು ಎಡಗೈಯಿಂದ ಎತ್ತಿಕೊಂಡು, ಸತ್ತ ಬಲಗೈಯ ಬೆರಳುಗಳ ನಡುವೆ ಇಟ್ಟ. ಬಿಟ್ಟ. ಲೋಟ ಠಣ್ಣೆಂದು ನೆಲಕ್ಕೆ ಬಿದ್ದು ನೀರೆಲ್ಲ ಚೆಲ್ಲಿತು. ಆಮೇಲೆ ಎಡಗೈ ಎತ್ತಿ ಹಿತ್ತಲ ಬಾಗಿಲ ಹೊಸ್ತಿಲನ್ನು ತೋರಿಸಿದ. ಹೊಸ್ತಿಲು ಮೆಟ್ಟಿಲಿಗಿಂತ ಮೇಲೆ, ಮನೆಯ ಒಳಗೆ. ಅಲ್ಲಿ ಅಂದು ನೀರಿರಲಿಲ್ಲ.

"ಲೋಟ" ಎಂದಳು ಅತ್ತೆ. ಧ್ವನಿ ಎಲ್ಲಿಂದಲೋ ಬಂದಂತಿತ್ತು. "ಮೊದಲು ಲೋಟದ ಸದ್ದು ಕೇಳಿಸ್ತು. ನಾನು ಒಳಗಿಂದ 'ಏನು ಬೀಳಿಸಿದ್ಯೋ' ಅಂತ ಕೇಳಿದೆ. ಅವನು ಏನೋ ಅಂದ, ತಿಳೀಲಿಲ್ಲ. ಆಮೇಲೆ... ಆಮೇಲೆ ಬಿದ್ದ ಸದ್ದು." ಅವಳು ತಟ್ಟೆಯನ್ನು ನೆಲದ ಮೇಲಿಟ್ಟು ಅಪ್ಪನ ಹತ್ತಿರ ಬಂದಳು. ಚೆಲ್ಲಿದ ನೀರಿನ ಮೇಲೆ ಕಾಲಿಟ್ಟೇ ಬಂದಳು. "ಅಣ್ಣ, ನಾನು ತೊಳೆದಿದ್ದಕ್ಕಲ್ವಾ? ನನ್ನ ನೀರಿಗಲ್ವಾ?"

ಅಪ್ಪ ಎಡಗೈ ಬೀಸಿದ. ಆ ಕೈಯಿಂದಲೇ ಅವಳ ತಲೆ ಮುಟ್ಟಿದ. ಅವನ ಬಾಯಿಂದ ಅದೇ ಅರ್ಥವಾಗದ ಸದ್ದು ಬಂತು. ಅದನ್ನೇ ಅವನು ಏಳು ವರ್ಷದಿಂದ ಹೇಳುತ್ತಿದ್ದನೇನೋ, ಅವಳು ಗೋಣಿತಟ್ಟು ಹಾಸುವಾಗ, ಕಂಬಿಗೆ ಬಟ್ಟೆ ಸುತ್ತುವಾಗ. ಹಸಿವಾಗಿದೆ ಎಂದುಕೊಂಡು ನಾವು ತುತ್ತು ತಿನ್ನಿಸಿದ್ದೆವು.

ಅತ್ತೆ ಅವನ ಮಂಡಿಯ ಮೇಲೆ ಮುಖ ಇಟ್ಟು ಅತ್ತಳು. ಸಮಾಧಾನದ ಅಳು ಎಂದುಕೊಂಡೆ. ಎರಡು ನಿಮಿಷಕ್ಕೆ ಅದು ನಿಂತಿತು. ಅವಳು ತಲೆ ಎತ್ತಿ ತನ್ನ ಬಲಗೈಯನ್ನು ಮುಂದೆ ಹಿಡಿದು ನೋಡಿಕೊಂಡಳು, ಬೆರಳುಗಳನ್ನು ಮಡಿಚಿ ಬಿಚ್ಚಿದಳು. ತಪ್ಪು ಅವಳದ್ದಲ್ಲ ಎಂದಾದರೆ ಅಣ್ಣನ ಕಾಯಿಲೆ ಎಲ್ಲಿಂದ ಬಂತು ಎಂಬುದು ಆಗ ಅವಳಿಗೆ ಹೊಳೆದಿರಬೇಕು. ಆ ಮುಖದಲ್ಲಿ ನಾನು ಅಂಥ ಹೆದರಿಕೆಯನ್ನು ಹಿಂದೆಂದೂ ಕಂಡಿರಲಿಲ್ಲ. ಒದ್ದೆ ನೆಲಕ್ಕೆ ಹೆದರುವುದು ಸುಲಭ, ಗೋಣಿತಟ್ಟು ಹಾಕಬಹುದು.

"ನಡಿ" ಎಂದಳು. "ಆಟೋ ಇನ್ನೂ ಇದೆಯಾ?"

ಮಾಸ್ತರ ಆಟೋವನ್ನು ಬಾಗಿಲಲ್ಲೇ ನಿಲ್ಲಿಸಿಕೊಂಡು ಕಾಯುತ್ತಿದ್ದ. ನಮ್ಮ ಹಟಮಾರಿತನ ಅವನಿಗೆ ಗೊತ್ತಿತ್ತು. ಅಪ್ಪನ ಬಳಿ ತಾನು ಕೂರುತ್ತೇನೆ, ಊಟ ತಾನೇ ತಿನ್ನಿಸುತ್ತೇನೆ ಎಂದ. ದಾರಿಯುದ್ದಕ್ಕೂ ಅತ್ತೆ ನನ್ನ ಕೈಯನ್ನು ತನ್ನ ಬಲಗೈಯಲ್ಲಿ ಹಿಡಿದು ಒತ್ತುತ್ತಿದ್ದಳು. "ಬಿಗಿ ಇದೆಯಾ? ಈಗ? ಈಗ?" ಎಂದು ಪ್ರತಿ ತಿರುವಿನಲ್ಲೂ ಕೇಳುತ್ತಿದ್ದಳು. ಇದೆ ಎನ್ನುತ್ತಿದ್ದೆ. ಒಂದು ಸಲ ಹಿಡಿತ ಸಡಿಲವಾದ ಹಾಗಾಯಿತು, ಆಗಲೂ ಇದೆ ಎಂದೆ. ಡ್ರೈವರನಿಗೆ ಬೇಗ ಹೋಗಪ್ಪ ಎಂದು ಕಿರುಚಿದೆ.

ದೊಡ್ಡಾಸ್ಪತ್ರೆಯಲ್ಲಿ ಅವಳನ್ನು ಚಕ್ರದ ಮಂಚದ ಮೇಲೆ ಮಲಗಿಸಿದರು. ಮೆದುಳಿನ ಸ್ಕ್ಯಾನಿಗೆ ಕರೆದೊಯ್ಯುವ ಮೊದಲು ನರ್ಸು ಕಾಗದ ಹಿಡಿದು ಬಂದಳು. ವಯಸ್ಸು, ಕೆಲಸ, ಏನಾಯಿತು, ಎಷ್ಟು ಹೊತ್ತಿಗಾಯಿತು. ಮನೆಯವರ ಕಾಯಿಲೆ ಕೇಳಿದಾಗ ನಾನು ಬಾಯಿ ತೆರೆದೆ, ಅತ್ತೆ ನನಗಿಂತ ಮೊದಲು ಹೇಳಿದಳು.

"ಲಕ್ವ. ನಮ್ಮಪ್ಪನಿಗೆ. ದೊಡ್ಡಣ್ಣನಿಗೆ. ಚಿಕ್ಕಣ್ಣನಿಗೆ. ಯಾರೂ ಜಾರಿ ಬಿದ್ದಿಲ್ಲ, ಸರಿಯಾಗಿ ಬರ್ಕೊಳ್ಳಿ." ಆಮೇಲೆ ಮಲಗಿದಲ್ಲಿಂದಲೇ ನನ್ನ ಕಡೆ ಕೈ ತೋರಿಸಿದಳು. "ಇವಳು ಚಿಕ್ಕಣ್ಣನ ಮಗಳು. ಮೂವತ್ತೆಂಟು. ಇವಳ ರಕ್ತದೊತ್ತಡ ಇದುವರೆಗೂ ಯಾರೂ ನೋಡಿಲ್ಲ."

"ನನಗೇನಾಗಿದೆ ಅತ್ತೆ? ಮೊದಲು ನಿಂದು ಆಗಲಿ."

"ನೋಡೋ ತನಕ ನಾನು ಒಳಗೆ ಹೋಗಲ್ಲ."

ನರ್ಸು ನಕ್ಕು, ಅಲ್ಲೇ ನಿಂತಿದ್ದ ನನ್ನ ತೋಳಿಗೆ ಪಟ್ಟಿ ಸುತ್ತಿದಳು. ಪಟ್ಟಿ ಬಿಗಿಯಾಯಿತು, ಸಡಿಲವಾಯಿತು. ಅವಳು ಯಂತ್ರದ ಅಂಕಿ ನೋಡಿದಳು. ನಗು ನಿಂತಿತು. ಗೋಡೆಯ ಬಳಿಯ ಕುರ್ಚಿ ತೋರಿಸಿ, "ಕೂತ್ಕೊಳ್ಳಿ. ಐದು ನಿಮಿಷ ಸುಮ್ಮನಿರಿ, ಇನ್ನೊಂದು ಸಲ ನೋಡೋಣ" ಎಂದಳು.

ನಾನು ಹೋಗಿ ಕುರ್ಚಿಯಲ್ಲಿ ಕೂತೆ. ಮಂಚವನ್ನು ತಳ್ಳಲು ಬಂದವನ ತೋಳು ಹಿಡಿದು ನಿಲ್ಲಿಸಿ, ಅತ್ತೆಯೇ ಕೇಳಿದಳು: "ಎಷ್ಟಿದೆ ಇವಳಿಗೆ?"